ಎಂಟನೇ ಫ್ಲಾಪಿ

ಬಸ್ಸಿನಲ್ಲಿ ವಜೀರ್ ಪಾಷಾನ ತೊಡೆಯ ಮೇಲೆ ಯಾವಾಗಲೂ ಒಂದು ಸ್ಟೀಲಿನ ಟಿಫನ್ ಡಬ್ಬಿ. ಅದರಲ್ಲಿ ಚಪಾತಿ ಇದೆ ಅಂದುಕೊಂಡವರೇ ಎಲ್ಲ. ಇದ್ದದ್ದು ಎಂಟು ಫ್ಲಾಪಿ. ಶ್ರೀರಂಗಪಟ್ಟಣದಲ್ಲಿ ರೇಡಿಯೊ ರಿಪೇರಿ ಮಾಡಿಕೊಂಡಿದ್ದವನು ತೊಂಬತ್ತೈದರಲ್ಲಿ ಒಂದು ಸಣ್ಣ ಕಂಪ್ಯೂಟರ್ ಕಂಪನಿಗೆ ಸೇರಿ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಾಲಿನ ಡೈರಿಗಳಿಗೆಲ್ಲ ಮಿಷನ್ನು ಕೂರಿಸುತ್ತಿದ್ದ. ಏಳು ಫ್ಲಾಪಿಯಿಂದ ಮಿಷನ್ನಿಗೆ ಜೀವ, ಎಂಟನೆಯದರಿಂದ ಮಾತು ಎನ್ನುತ್ತಿದ್ದ. ಎಂಟನೆಯದು ಕನ್ನಡದ್ದು. ಇಂಗ್ಲಿಷಿನಲ್ಲಿ ಬರುತ್ತಿದ್ದ ಸೂಚನೆಗಳೆಲ್ಲ ಅದನ್ನು ಹಾಕಿದರೆ ಕನ್ನಡದಲ್ಲಿ ಬರುತ್ತಿದ್ದವು.

ಆ ಇನ್ನೂರು ಚಿಲ್ಲರೆ ಸಾಲನ್ನು ಕನ್ನಡ ಮಾಡಿದವಳು ಅವನ ಹೆಂಡತಿ ಬಷೀರುನ್ನೀಸಾ. ಬೆಳಗೊಳದ ಶಾಲೆಯಲ್ಲಿ ಕನ್ನಡ ಮೇಡಂ. ಸಂಜೆ ಅಕ್ಕಿ ಆರಿಸುತ್ತಾ ಒಂದೊಂದೇ ಸಾಲು ಕೇಳಿಸಿಕೊಂಡು ನೋಟುಬುಕ್ಕಿನಲ್ಲಿ ಬರೆದಳು. ‘ಕಾಯಿರಿ’ ಎಂದಿದ್ದ ಕಡೆ ‘ಸ್ವಲ್ಪ ತಡೀರಿ, ಇನ್ನೂ ಕೆಲಸ ಇದೆ. ಊಟ ಆಯ್ತಾ?’ ಎಂದು ಬರೆದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

“ನಗಬೇಡಿ ಜೀ. ಮಿಷನ್ ಮುಂದೆ ಕೂತೋರು ಗಾಬರಿಯಾಗಿರ್ತಾರೆ. ಯಾರಾದ್ರೂ ಮಾತಾಡಿಸಿದ್ರೆ ಧೈರ್ಯ ಬರ್ತದೆ” ಅಂದಿದ್ದಳು.

ಕಡತದ ತಲೆಯಲ್ಲಿ ಅನುವಾದ ಮಾಡಿದವರ ಹೆಸರು ಹಾಕಬೇಕಿತ್ತು. ಅವನು ತನ್ನ ಹೆಸರು ಹಾಕಿಕೊಂಡ. ಹೆಂಗಸಿನ ಹೆಸರಿದ್ದರೆ ಕಂಪನಿಯವರು ಒಪ್ಪುತ್ತಾರೋ ಇಲ್ಲವೋ ಎಂಬುದೆಲ್ಲ ನೆಪ. ಹೆಸರಿನ ಆಸೆ, ಅಷ್ಟೇ. ಅವಳು ತೆರೆಯ ಮೇಲೆ ಅದನ್ನು ಓದಿದಳು, “ಅಚ್ಛಾ” ಅಂದಳು, ಹಿಟ್ಟು ಕಲೆಸಲು ಹೋದಳು. ಆ ‘ಅಚ್ಛಾ’ ಅವತ್ತು ಅವನಿಗೆ ಏನೂ ಅನ್ನಿಸಲಿಲ್ಲ.

ತೊಂಬತ್ತೇಳರ ರಂಜಾನಿನಲ್ಲಿ ಅವಳಿಗೆ ಜ್ವರ ಏರಿತು. ನಾಗಮಂಗಲದ ಡೈರಿಗೆ ಫೋನು ಬಂದಾಗ ಅವನು ಮೂರನೇ ಫ್ಲಾಪಿಯಲ್ಲಿದ್ದ. ಅರ್ಧಕ್ಕೆ ಬಿಟ್ಟರೆ ಎಲ್ಲ ಮೊದಲಿಂದ ಹಾಕಬೇಕು, ಮುಗಿಸಿಯೇ ಬರುತ್ತೇನೆ ಅಂದ. ಮುಗಿಸಿ ಬರುವಷ್ಟರಲ್ಲಿ ಅವಳು ಇರಲಿಲ್ಲ.

ಅಲ್ಲಿಂದ ಶುರುವಾಯಿತು. ಯಾವ ಊರಿಗೆ ಹೋಗಲಿ, ಯಾವ ಮಿಷನ್ನಿನ ಮುಂದೆ ಕೂರಲಿ, ಅವಳು ಬಂದು ಊಟ ಆಯ್ತಾ ಎಂದು ಕೇಳುತ್ತಿದ್ದಳು. ಆ ಸಾಲು ಬರುವ ಹೊತ್ತಿಗೆ ಅವನು ಬೀಡಿ ಸೇದುವ ನೆಪದಲ್ಲಿ ಎದ್ದು ಹೊರಗೆ ಹೋಗುತ್ತಿದ್ದ. ಬೆನ್ನ ಹಿಂದೆ ಯಾರೋ ಉತ್ತರಕ್ಕೆ ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು. ಒಳಗೆ ಬಂದರೆ ‘ಅನುವಾದ: ವಜೀರ್ ಪಾಷಾ’ ಎಂದು ತೆರೆ ಅವನನ್ನೇ ನೋಡುತ್ತಿತ್ತು.

ತೊಂಬತ್ತೊಂಬತ್ತರಲ್ಲಿ ಕಂಪನಿ ಹೊಸ ಕನ್ನಡ ಫ್ಲಾಪಿ ಕಳಿಸಿತು. ‘ದಯವಿಟ್ಟು ನಿರೀಕ್ಷಿಸಿ’ ಎಂಬ ಕಚೇರಿ ಕನ್ನಡ. ಹಳೆಯದನ್ನು ಎಲ್ಲ ಕಡೆ ಅಳಿಸಿ ಇದನ್ನೇ ಹಾಕಬೇಕೆಂದು ಹುಕುಂ. ಅವನು ಊರೂರು ತಿರುಗಿ ಅಳಿಸಿದ. ಸುಳ್ಳೇಕೆ, ಅವನಿಗೆ ನಿರಾಳವೇ ಆಯಿತು. ಆದರೆ ಒಂದು ಶುಕ್ರವಾರ ಮನೆಯಲ್ಲಿ ಹಳೇ ಫ್ಲಾಪಿ ತೆಗೆದು ನೋಡಿದರೆ ಒಳಗೆಲ್ಲ ಬೂಷ್ಟು ಹಿಡಿದಿತ್ತು. ನೋಟುಬುಕ್ಕು ಯಾವತ್ತೋ ರದ್ದಿಗೆ ಹೋಗಿತ್ತು. ಇನ್ನೂ ಅಳಿಸದೆ ಉಳಿದದ್ದು ಸಿಂಧಘಟ್ಟದ ಡೈರಿಯ ಮಿಷನ್ನು ಒಂದೇ. ಅದರಲ್ಲಿರುವುದನ್ನು ನಕಲು ಮಾಡಿಕೊಳ್ಳಬೇಕು, ತಲೆಯ ಮೇಲಿನ ಹೆಸರು ತೆಗೆದು ಅವಳದ್ದು ಹಾಕಬೇಕು. ಅಷ್ಟಾದರೂ ಮಾಡದಿದ್ದರೆ ತಾನು ಮನುಷ್ಯನೇ ಅಲ್ಲ ಅನ್ನಿಸಿತು.

ಮಾರನೇ ದಿನ ಮಧ್ಯಾಹ್ನ ಸಿಂಧಘಟ್ಟಕ್ಕೆ ಹೋದರೆ, ಡೈರಿ ಕಾರ್ಯದರ್ಶಿ ಹೊನ್ನಪ್ಪ ಬಾಗಿಲಲ್ಲೇ, “ಒಳ್ಳೇ ಟೈಮಿಗೆ ಬಂದ್ರಿ ಸಾಬ್ರೇ, ಎರಡು ದಿನದಿಂದ ಅದು ಏಳ್ತಾನೇ ಇಲ್ಲ” ಅಂದ. ಡಿಸ್ಕು ಹಲ್ಲಿಯಂತೆ ಲೊಚಗುಟ್ಟುತ್ತಿತ್ತು. ಸಿಸ್ಟಂ ಮತ್ತೆ ಹಾಕದೆ ನಕಲು ಮಾಡಿಕೊಳ್ಳುವ ಹಾಗಿರಲಿಲ್ಲ. ಮೊದಲ ಫ್ಲಾಪಿ ಹಾಕಿದ. ‘ಹಳೇ ಕನ್ನಡ ಕಡತ ಇದೆ. ಅದನ್ನೇ ಇಟ್ಟುಕೊಳ್ಳಲಾ?’ ಎಂದು ತೆರೆ ಇಂಗ್ಲಿಷಿನಲ್ಲಿ ಕೇಳಿತು. ಇಟ್ಟುಕೋ ಎಂದು ಒತ್ತಿದ. ಕಡತವನ್ನು ಡಿಸ್ಕು ಹೇಗೋ ಓದಿಕೊಟ್ಟಿತು, ಅಲ್ಲಿಗೆ ಅದರ ಶಕ್ತಿ ಮುಗಿಯಿತು. ಇನ್ನು ಅವಳ ಸಾಲುಗಳು ಇರುವುದು ಮಿಷನ್ನಿನ ನೆನಪಿನಲ್ಲಿ ಮಾತ್ರ, ಅದೂ ಕರೆಂಟು ಇರುವ ತನಕ.

ಸಿಸ್ಟಂ ಒಂದು ಸಲ ಹಾಕಿದ, ಆಗಲಿಲ್ಲ. ಎರಡು ಸಲ ಹಾಕಿದ. ಮೂರನೇ ಸಲವೂ ನಿಂತಿತು. ನಾಲ್ಕು ವರ್ಷದಲ್ಲಿ ಅವನು ಹಾಕಿದ ಸಿಸ್ಟಂ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಅದೇ ಜಂಬದಲ್ಲಿ, ಕೆಟ್ಟರೆ ಬರುವ ಸಾಲುಗಳಲ್ಲಿ ಅವಳು ಏನು ಬರೆದಿದ್ದಾಳೆಂದು ಅವನು ಓದಿಯೂ ಇರಲಿಲ್ಲ. ಈಗ ಅದು ತೆರೆಯ ಮೇಲೆ ಬಂತು:

‘ಮೂರು ಸಲ ನೋಡಿದ್ರಿ, ಆಗಲಿಲ್ಲ. ತಪ್ಪು ನಿಮ್ಮದಲ್ಲ. ಕೆಲಸ ಅಲ್ಲೇ ಬಿಟ್ಟು ಮನೆಗೆ ಬನ್ನಿ.’

ಅವನು ಕುರ್ಚಿಯಿಂದ ಏಳಲಿಲ್ಲ. ಈ ಸಲ ಹೊರಗೆ ಹೋಗಲಿಲ್ಲ.

ಸಂಜೆಯ ಹಾಲು ತಂದಿದ್ದ ಮುದುಕಿ ಕುಳ್ಳಮ್ಮ ಬಗ್ಗಿ, “ಏನಂತದ್ಲಾ ಒನ್ನಪ್ಪ ಅದು?” ಅಂದಳು. ಹೊನ್ನಪ್ಪ ಓದಿ ಹೇಳಿದ. ಆಮೇಲೆ ಮೆಲ್ಲಗೆ, “ಸಾಬ್ರೇ, ಬೇಜಾರ್ ಮಾಡ್ಕಬ್ಯಾಡಿ. ಇದ್ನ ಬರ್ದೋರು ನೀವಲ್ಲ ಬುಡಿ” ಅಂದ.

“ಎಣ್ಮಗಳು ಕಣ್ಲಾ” ಎಂದಳು ಕುಳ್ಳಮ್ಮ. “ದಿನಾ ಊಟ ಆಯ್ತಾ ಅಂತ ಕೇಳ್ತಿತ್ತು ಅಂತಿದ್ದಲ್ಲ, ನಾನು ಆಗ್ಲೇ ಅಂದ್ಕಂಡೆ.”

“ನಮ್ಮನೆಯವಳು” ಎಂದ ವಜೀರ್ ಪಾಷಾ. “ಎಲ್ಲಾ ಅವಳೇ ಬರೆದದ್ದು. ನಾನು ಒಂದಕ್ಷರಾನೂ ಬರೆದಿಲ್ಲ. ಬಷೀರುನ್ನೀಸಾ ಅಂತ ಅವಳ ಹೆಸರು.”

ಹೊನ್ನಪ್ಪನಿಂದ ಹಾಳೆ ಇಸಿದುಕೊಂಡು ಆ ಮೂರು ಸಾಲು ಬರೆದುಕೊಂಡ. ಕೆಳಗೆ ಅವಳ ಹೆಸರು ಬರೆದ. ಬರೆದು ತಲೆ ಎತ್ತುವಷ್ಟರಲ್ಲಿ ಕರೆಂಟು ಹೋಗಿ ತೆರೆ ಕಪ್ಪಾಯಿತು.

“ಇನ್ಯಾಕ್ ಕುಂತಿದ್ದೀಯಪ್ಪಾ?” ಎಂದಳು ಕುಳ್ಳಮ್ಮ. “ಎಡ್ತಿ ಅಷ್ಟು ಕರೀತಾವ್ಳೆ, ಎದ್ದು ಮನೇಗ್ ಓಗು.”

“ಹೂನಮ್ಮ, ಹೊರಟೆ” ಎಂದು ಅವನು ಟಿಫನ್ ಡಬ್ಬಿ ಎತ್ತಿಕೊಂಡ. ಮನೆಯ ಬೀಗದ ಕೈ ಅವನ ಜೇಬಿನಲ್ಲೇ ಇತ್ತು.