ಹಿರಿಯರ ಹೆಸರು ಹಿಡಿದು ಕರೆಯುವ ಭಾಷೆ

ಆ ಸಂಜೆ ತೂಬಗೆರೆಯ ನಮ್ಮ ನಡುಮನೆಯಲ್ಲಿ ಇದ್ದವರು ಮೂವರು: ಮಂಚದ ಮೇಲೆ ನನ್ನ ತಾಯಿ, ಅವರ ಕಾಲು ಒತ್ತುತ್ತ ನನ್ನ ಅಣ್ಣನ ಮಗಳು, ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತ ನಾನು. ಹುಡುಗಿ ನರ್ಸಿಂಗ್ ಓದಿದವಳು. ಇಸ್ರೇಲಿನಲ್ಲಿ ಒಬ್ಬ ವೃದ್ಧೆಯನ್ನು ನೋಡಿಕೊಳ್ಳುವ ಕೆಲಸಕ್ಕೆ ಆಸೆಪಟ್ಟಿದ್ದಳು. ಆ ಮನೆಯವರು ವಿಡಿಯೊ ಕರೆಯಲ್ಲಿ ಮಾತಾಡಿಸಿ ಒಪ್ಪಬೇಕಿತ್ತು. ಅದಕ್ಕೆಂದೇ, ಅಲ್ಲಿ ದುಡಿದು ಬಂದಿದ್ದ ಸೂಲಿಬೆಲೆಯ ಹೆಂಗಸೊಬ್ಬರ ಬಳಿ ಹೀಬ್ರೂ ಕಲಿತು, ಮನೆಗೆ ಬಂದು ನಮಗೆ ಒಪ್ಪಿಸುತ್ತಿದ್ದಳು.

"‘ಬೋಕೆರ್ ತೋವ್’ ಅಂದ್ರೆ ಶುಭ ಬೆಳಗು. ಎದುರಿನೋರು ‘ಬೋಕೆರ್ ಓರ್’ ಅನ್ಬೇಕು. ಬೆಳಕಿನ ಬೆಳಗು ಅಂತ."

"ಚೆನ್ನಾಗೈತೆ ಕಣೆ. ಇನ್ನೊಂದ್ ಹೇಳು," ಅಂದರು ಅಮ್ಮ.

"ಶಬ್ಬಾತ್. ಕೆಲ್ಸ ನಿಲ್ಲಿಸೋದು ಅನ್ನೋ ಮಾತಿಂದ ಬಂದಿದ್ದಂತೆ. ಶುಕ್ರವಾರ ಹೊತ್ತು ಮುಳುಗೋ ಮುಂಚೆ ಹೆಂಗಸರು ದೀಪ ಹಚ್ಚಿದ್ರೆ, ಶನಿವಾರ ಸಂಜೆವರ್ಗೂ ಬಿಡುವು. ಎತ್ತಿಗೂ ದುಡಿಮೆ ಇಲ್ಲ ಅಂತ ಅವರ ಹಳೇ ಗ್ರಂಥದಲ್ಲೇ ಐತಂತೆ."

"ನಾವು ಸೋಮವಾರ ಎತ್ತು ಕಟ್ತಿರ್ಲಿಲ್ವಲ್ಲ, ಹಂಗೆ. ಶುಕ್ರವಾರ ದೀಪ ಬೇರೆ. ನಮ್ ಬೀಗರೇ ಬಿಡು."

ಅಷ್ಟರಲ್ಲಿ ಕರೆ ಬಂತು. ವೃದ್ಧೆಯ ಮಗಳು ಕೇಳಿದ್ದಕ್ಕೆಲ್ಲ ನಮ್ಮ ಹುಡುಗಿ ಸಲೀಸಾಗಿ ಉತ್ತರಿಸಿದಳು. ಆಮೇಲೆ ಆಕೆ ಫೋನು ತಿರುಗಿಸಿ, ಕುರ್ಚಿಯಲ್ಲಿ ತೂಕಡಿಸುತ್ತಿದ್ದ ತಾಯಿಯನ್ನು ತೋರಿಸಿ, "ಹೆಸರು ಹಿಡಿದು ಕರೆದು ಎಬ್ಬಿಸು" ಎಂದರು.

ಹೆಸರು ಗೊತ್ತಿತ್ತು, ನಾಲಿಗೆ ಹೊರಳಲಿಲ್ಲ. ಹಿರಿಯರ ಹೆಸರೆತ್ತದ ಮನೆ ನಮ್ಮದು. ಯಾವುದೋ ಕಚೇರಿಯವರು ಅಪ್ಪನ ಹೆಸರು ಕೇಳಿದರೂ ಅಮ್ಮ ನನ್ನ ಮುಖ ನೋಡುತ್ತಿದ್ದರು. ಹುಡುಗಿ ಕೊನೆಗೆ ಮೆಲ್ಲಗೆ "ಸಾವ್ತಾ" ಎಂದಳು. ಅಜ್ಜಿ ಎಂದರ್ಥ, ಅರಮಾಯಿಕ್ ಭಾಷೆಯಿಂದ ಬಂದು ಹೀಬ್ರೂ ಮನೆಗಳಲ್ಲಿ ಬೇರುಬಿಟ್ಟ ಪದವಂತೆ. ವೃದ್ಧೆ ಕಣ್ಣು ತೆರೆಯಲಿಲ್ಲ. ಅವರು ಶಾಲೆಯಲ್ಲಿ ಪಾಠ ಹೇಳಿದವರು, ಅಲ್ಲಿ ಮಕ್ಕಳೂ ಟೀಚರನ್ನು ಹೆಸರಿನಿಂದಲೇ ಕರೆಯುವುದು, ಬೇರೆ ಕೂಗಿಗೆ ತಮ್ಮ ತಾಯಿ ಓಗೊಡುವುದಿಲ್ಲ ಎಂದು ಮಗಳು ವಿವರಿಸಿದರು. ಭಾನುವಾರ ಇನ್ನೊಮ್ಮೆ ನೋಡೋಣ ಎಂದು ಕರೆ ಮುಗಿಸಿದರು.

"ಕೆಲ್ಸ ಕೈ ತಪ್ತು ಅಜ್ಜಿ. ಬಾಯೇ ಬರ್ಲಿಲ್ಲ," ಹುಡುಗಿ ಕಣ್ಣೊರೆಸಿಕೊಂಡಳು.

"ಆಯಮ್ಮನ ಮನೇಲಿ ಅದೇ ಮರ್ಯಾದೆ ಅಂದ್ಮೇಲೆ ಕರೀಬೇಕಮ್ಮ. ನನ್ನ ಕರೆದು ರೂಢಿ ಮಾಡ್ಕೊ."

"ನಿನ್ನಾ? ಅಪ್ಪ ಬೆನ್ನು ಮುರೀತಾನೆ."

"ಅವನು ನನ್ ಹೊಟ್ಟೇಲಿ ಹುಟ್ದೋನು. ಕರಿ ನೀನು."

ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಹುಡುಗಿ ಕರೆದಳು. ಆ ಹೆಸರನ್ನು ನಾನು ಇಲ್ಲಿಯೂ ಬರೆಯಲಾರೆ. ಅಮ್ಮ ಕಾಲು ಮಡಚಿಕೊಂಡು ಎದ್ದು ಕೂತರು.

"ನಮ್ಮವ್ವ ಹೋದ್ಮೇಲೆ ಯಾರೂ ಕರ್ದಿರ್ಲಿಲ್ಲ ಕಣೆ," ಅಂದರು. "ಇನ್ನೊಂದ್ಸಲ ಕರಿ."

ಕಾಫಿಗೆ, ಸ್ನಾನಕ್ಕೆ, ಮಾತ್ರೆಗೆ ಎಲ್ಲದಕ್ಕೂ ಆ ವಾರವೆಲ್ಲ ಮನೆಯಲ್ಲಿ ಅಮ್ಮನ ಹೆಸರೇ. ಮೊದಮೊದಲು ಹುಡುಗಿ ಕರೆದು ಕೆನ್ನೆ ತಟ್ಟಿಕೊಳ್ಳುತ್ತಿದ್ದಳು, ಆಮೇಲೆ ಅದೂ ನಿಂತಿತು. ನಾನು ಮಾತ್ರ ಹಿತ್ತಲಿಗೆ ಎದ್ದು ಹೋಗುತ್ತಿದ್ದೆ.

ಭಾನುವಾರ ಅವಳು ಫೋನಿನಲ್ಲಿ ಆ ವೃದ್ಧೆಯನ್ನು ಹೆಸರು ಹಿಡಿದು ಕರೆದಳು. ಅವರು ಕಣ್ಣು ತೆರೆದು "ಮಾಯಿಮ್" ಅಂದರು. ನೀರು. ನಮ್ಮ ಹುಡುಗಿ ತಟ್ಟನೆ ಎದ್ದು ಅಡುಗೆಮನೆಗೆ ಹೋಗಿ ಲೋಟ ತುಂಬಿಸಿಕೊಂಡೇ ಬಂದಳು. ಆ ಕಡೆ ವೃದ್ಧೆಯ ಮಗಳು ನಗುತ್ತ, ತಾಯಿಗೆ ತಾವೇ ನೀರು ಕುಡಿಸಿದರು.

ಯುಗಾದಿ ಕಳೆದ ಮೇಲೆ ಹುಡುಗಿ ದೇವನಹಳ್ಳಿಯಲ್ಲಿ ವಿಮಾನ ಹತ್ತಿದಳು.