ಸುಣ್ಣ ಬಳಿಯದ ಮಡಕೆ

ಅನಂತಪುರದ ಗುಡ್ಡದಿಂದ ಕುಂಬಳೆಗೆ ಇಳಿಯುವ ದಾರಿಯಲ್ಲಿ ಮೂರ್ತೆಯ ಮುದ್ದಣ್ಣ ಎಂದರೆ ಗೊತ್ತಿಲ್ಲದವರು ಇರಲಿಲ್ಲ. ಮೂರ್ತೆ ಎಂದರೆ ಮರ ಹತ್ತಿ ಹೊಂಬಾಳೆ ಕೊಯ್ದು ಕಳ್ಳು ಇಳಿಸುವ ಕೆಲಸ. ಅಜ್ಜ ಮಾಡಿದ್ದು, ಅಪ್ಪ ಮಾಡಿದ್ದು; ಇವನೂ ಮೀಸೆ ಮೂಡುವ ಮೊದಲೇ ಮರದ ಮೇಲಿದ್ದ. ಬೆಳಿಗ್ಗೆ ಇಪ್ಪತ್ತು ಮರ, ಸಂಜೆ ಇಪ್ಪತ್ತು ಮರ. ಹಾಗೆ ಗಟ್ಟಿಯಾದ ಕಾಲಿನವನು ಕಾಲ್ಚೆಂಡಿನಾಟದಲ್ಲಿ ಹಿಂದೆ ನಿಂತರೆ ಅವನನ್ನು ದಾಟಿ ಹೋಗುವ ಗಂಡಸು ಹುಟ್ಟಿಲ್ಲ ಎಂದು ಊರವರು ಹೇಳುತ್ತಿದ್ದರು. ಊರವರು ಹೇಳಿದ್ದರಲ್ಲಿ ಅರ್ಧ ಕಳೆಯಿರಿ, ಉಳಿದದ್ದೂ ಕಡಿಮೆಯದ್ದಲ್ಲ.

ಅಂಥವನು ಸಾವಿರದ ಒಂಬೈನೂರ ಮೂವತ್ತೈದರ ಡಿಸೆಂಬರಿನ ನಂತರ ಚೆಂಡು ಮುಟ್ಟಲಿಲ್ಲ. ಕೇಳಿದವರಿಗೆ ಮೊಣಕಾಲು ನೋವು ಎಂದ. ಆ ನೋವಿನ ಮೊಣಕಾಲು ಮಾತ್ರ ಮರುದಿನವೂ ನಲವತ್ತು ಸಲ ಮರ ಹತ್ತಿತು. ಜನರಿಗೆ ಕಣ್ಣಿತ್ತು, ಆದರೆ ಮೂರ್ತೆಯವನ ಮನಸ್ಸಿನೊಳಗೆ ಇಣುಕುವಷ್ಟು ಪುರುಸೊತ್ತು ಯಾರಿಗಿತ್ತು?

ತಂಡದ ನಾಯಕ ಪಟೇಲರ ಮನೆಯ ಪುರಂದರ. ಮಂಗಳೂರಿನಲ್ಲಿ ಕಾಲೇಜು ಓದಲು ಹೋದವನು ಪರೀಕ್ಷೆಯನ್ನು ಅಲ್ಲೇ ಬಿಟ್ಟು ಚರ್ಮದ ಚೆಂಡೊಂದನ್ನು ಊರಿಗೆ ತಂದಿದ್ದ. ಗೆದ್ದ ದಿನ ಬೆಳ್ಳಿಯ ಕಪ್ಪಿಗೆ ಕಳ್ಳು ತುಂಬಿಸಿ ಹನ್ನೊಂದು ಮಂದಿಯೂ ಅದರಲ್ಲೇ ಕುಡಿಯಬೇಕೆಂಬ ಶಾಸ್ತ್ರವನ್ನು ಮಾಡಿದವನೂ ಅವನೇ. ಇದನ್ನು ಬರೀ ಕುಡುಕರ ಗೌಜಿ ಎಂದು ತಿಳಿಯಬೇಡಿ. ಬೇರೆ ದಿನ ಅದೇ ಪಟೇಲರ ಅಂಗಳದಲ್ಲಿ ಮುದ್ದಣ್ಣನಿಗೆ ನೀರು ಸಿಗುತ್ತಿದ್ದದ್ದು ತೆಂಗಿನ ಗೆರಟೆಯಲ್ಲಿ, ಅದೂ ಮೇಲಿನಿಂದ ಹೊಯ್ದು. ಕಪ್ಪಿನ ದಿನ ಮಾತ್ರ ಪುರಂದರನ ತುಟಿ ಮುಟ್ಟಿದಲ್ಲಿಗೆ ಮುದ್ದಣ್ಣನ ತುಟಿಯೂ ಮುಟ್ಟುತ್ತಿತ್ತು. ಆ ಒಂದು ಗುಟುಕಿಗಾಗಿ ಅವನು ಇಡೀ ವರ್ಷ ಓಡಲು ತಯಾರಿದ್ದ.

ಈ ತಂಡಕ್ಕೆ ಕುಂಬಳೆಯ ಅದ್ರಾಮ ಬಂದ. ಬ್ಯಾರಿ ಮುಸಲ್ಮಾನರ ಹುಡುಗ, ಹಗ್ಗ ಗೋಣಿಯ ಅಂಗಡಿಯವನು. ಮರ ಹತ್ತುವ ಹಗ್ಗ ಕೊಳ್ಳಲು ಹೋಗಿ ಹೋಗಿ ಮುದ್ದಣ್ಣನಿಗೆ ಸ್ನೇಹಿತನಾಗಿದ್ದ. ಅವನ ಕಾಲಿಗೆ ಚೆಂಡು ಸಿಕ್ಕಿದರೆ ಗೋಲೇ ಆಯಿತೆಂದು ಲೆಕ್ಕ. ಆದರೆ ಮೊದಲ ಸಲ ಗೆದ್ದಾಗ ಕಪ್ಪು ಅವನ ಬಳಿ ಬಂತು, ಅವನು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡ.

"ಕುಡಿಯದಿದ್ದರೆ ಬೇಡ, ತುಟಿಗೆ ತಾಗಿಸು ಮಾರಾಯ. ನಾವೆಲ್ಲ ಒಂದೇ ಅಲ್ಲವಾ?" ಎಂದ ಪುರಂದರ.

"ಒಂದೇ ಆದರೆ ನನ್ನನ್ನು ಒತ್ತಾಯ ಮಾಡಬೇಡಿ ಪುರಂದರಣ್ಣ. ಇದು ನಮಗೆ ಹರಾಮು" ಎಂದ ಅದ್ರಾಮ.

ಪುರಂದರನ ಮುಖ ಕಪ್ಪಿಟ್ಟಿತು. ದಾರಿ ಹುಡುಕಿದವನು ಮುದ್ದಣ್ಣ. ಮಡಕೆಯ ಒಳಗೆಲ್ಲ ಸುಣ್ಣ ಬಳಿದು ಮರಕ್ಕೆ ಕಟ್ಟಿದರೆ ಇಳಿದ ರಸ ಹುಳಿಯುವುದಿಲ್ಲ. ಅಮಲಿಲ್ಲದ ಸಿಹಿನೀರಾಗಿಯೇ ಉಳಿಯುತ್ತದೆ. ಬೆಲ್ಲ ಕಾಯಿಸುವವರು ಹಾಗೆಯೇ ಮಾಡುತ್ತಾರೆ. ಅದ್ರಾಮನಿಗೆಂದು ಒಂದು ಸುಣ್ಣದ ಮಡಕೆ, ಗುರುತಿಗೆ ಅದರ ಕುತ್ತಿಗೆಗೆ ಕೆಂಪು ಬಟ್ಟೆ. ತೊಳೆದ ಕಪ್ಪಿನಲ್ಲಿ ಮೊದಲು ಅವನು ಸಿಹಿನೀರು ಕುಡಿಯುವುದು, ಆಮೇಲೆ ಉಳಿದವರ ಕಳ್ಳು. ಪುರಂದರ ಒಪ್ಪಿದ. ಅದ್ರಾಮ ತನ್ನ ತಾಯಿ ನಬೀಸುಮ್ಮನನ್ನು ಕೇಳಿದ, ಅವಳು ಪಳ್ಳಿಯಲ್ಲಿ ನಮಾಜು ಮಾಡಿಸುವ ಮುಸ್ಲಿಯಾರರನ್ನು ಕೇಳಿದಳು, ಅವರು ಅಮಲಿಲ್ಲದಿದ್ದರೆ ಅಡ್ಡಿಯಿಲ್ಲ ಎಂದರು. ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಲೋಕ ಕಳ್ಳು ಎನ್ನುತ್ತದೆ ಎಂದು ಅದ್ರಾಮನ ನೆಂಟರು ಕುಟುಕಿದರು. ನಬೀಸುಮ್ಮ ಮಾತ್ರ ಮುದ್ದಣ್ಣನನ್ನು ಜಗಲಿಗೆ ಕರೆದು ಅವಲಕ್ಕಿ ಕೊಟ್ಟು, "ನೀನೇ ಹೊಯ್ದು ಕೊಡಬೇಕು ಆಯ್ತಾ. ಬೇರೆಯವರ ಕೈಯಿಂದ ಬೇಡ" ಎಂದಳು.

ಎರಡು ವರ್ಷ ಹಾಗೆಯೇ ನಡೆಯಿತು. ಗೆದ್ದ ಕೂಡಲೇ ಗದ್ದೆಯ ಸುತ್ತ ನಿಂತವರೇ "ಅದ್ರಾಮನದ್ದು ಮೊದಲು!" ಎಂದು ಕೂಗುವಷ್ಟು ಅದು ಊರಿನ ಪದ್ಧತಿಯಾಗಿತ್ತು. ಮುದ್ದಣ್ಣನಿಗೆ ಅದು ತನ್ನ ಜೀವನದ ಒಂದೇ ಬುದ್ಧಿವಂತಿಕೆ ಎಂಬ ಹೆಮ್ಮೆ. ಹೆಂಡತಿ ಅಮ್ಮಣ್ಣಿಯ ಹತ್ತಿರ ಅದನ್ನೇ ಹೇಳಿ ಹೇಳಿ ಬೈಸಿಕೊಳ್ಳುತ್ತಿದ್ದ.

ಮೂರನೆಯ ವರ್ಷದ ಫೈನಲ್ ಪಂದ್ಯ ರಮಳಾನಿನ ಉಪವಾಸದ ತಿಂಗಳಲ್ಲಿ ಬಂತು. ಕಾಸರಗೋಡು ಪೇಟೆಯ ತಂಡದ ಎದುರು. ಹಿಂದಿನ ದಿನ ಸಂಜೆ ಮುದ್ದಣ್ಣ ಮರ ಹತ್ತುತ್ತಿದ್ದಾಗ ಕೆಳಗಿನಿಂದ ಪುರಂದರನ ಕರೆ ಬಂತು: ಬೇಗ ಬಾ, ಯಾರು ಎಲ್ಲಿ ನಿಲ್ಲುವುದೆಂದು ಮಾತಾಡಲಿಕ್ಕುಂಟು. ಮುದ್ದಣ್ಣ ಕೈ ಬೀಸಿ ಕೆಲಸ ಮುಗಿಸಿದ. ಕೆಂಪು ಬಟ್ಟೆ ಕಟ್ಟಿದ ಮಡಕೆಯನ್ನೂ ಹೊಂಬಾಳೆಗೆ ಸಿಕ್ಕಿಸಿದ. ಬೆಳಿಗ್ಗೆ ಅವಸರದಲ್ಲಿ ಇಳಿಸಿ, ಬಾಯಿಗೆ ಬಟ್ಟೆ ಬಿಗಿದು ನೆರಳಿನಲ್ಲಿಟ್ಟ.

ಅದ್ರಾಮ ಅಂದು ಉಪವಾಸದಲ್ಲಿ ಆಡಿದ. ಬೆಳಗಿನ ಜಾವದ ನಂತರ ಒಂದು ಹನಿ ನೀರು ಕುಡಿದಿರಲಿಲ್ಲ. ಅರ್ಧ ಆಟದಲ್ಲಿ ಉಳಿದವರು ಎಳನೀರು ಕುಡಿಯುವಾಗ ಅವನು ಬೆನ್ನು ತಿರುಗಿಸಿ ಗದ್ದೆಯ ಬದುವಿನಲ್ಲಿ ಕೂತಿದ್ದ. ಆದರೂ ಎರಡು ಗೋಲು ಅವನದ್ದೇ. ಆಟ ಮುಗಿದಾಗ ಸೂರ್ಯ ಕಡಲಿಗೆ ಇಳಿಯುತ್ತಿದ್ದ. ಗಾಳಿಯಲ್ಲಿ ದೂರದ ಪಳ್ಳಿಯ ಬಾಂಗು ಕೇಳಿತು, ಉಪವಾಸ ಬಿಡುವ ಹೊತ್ತಾಯಿತು. ಅದ್ರಾಮ ಸೊಂಟದಿಂದ ಖರ್ಜೂರ ತೆಗೆದು ಬಾಯಿಗಿಟ್ಟು, ತೊಳೆದ ಕಪ್ಪನ್ನು ಎರಡು ಕೈಯಲ್ಲಿ ಹಿಡಿದು ಮುದ್ದಣ್ಣನ ಎದುರು ನಿಂತ. ಇನ್ನೂರು ಜನ ಕೂಗುತ್ತಿದ್ದರು.

ಮುದ್ದಣ್ಣ ಮಡಕೆಯ ಬಾಯಿಯ ಬಟ್ಟೆ ಬಿಚ್ಚಿದ. ನೊರೆ ಉಕ್ಕಿ ಬಂತು, ಅದರ ಹಿಂದೆಯೇ ವಾಸನೆ. ಕೆಂಪು ಬಟ್ಟೆ ಕಟ್ಟುವುದು ಕೈಗೆ ಅಭ್ಯಾಸವಾಗಿತ್ತು, ಕಟ್ಟಿದ್ದ. ಸುಣ್ಣ ಬಳಿದಿರಲಿಲ್ಲ.

ಮರೆವು ಮನುಷ್ಯನಿಗೆ ಬರುತ್ತದೆ, ಅದಕ್ಕೆ ಯಾರೂ ತಲೆ ತೆಗೆಯುವುದಿಲ್ಲ. "ತಡಿ, ಇದು ಹುಳಿದಿದೆ" ಎಂದಿದ್ದರೆ ಮುಗಿಯುತ್ತಿತ್ತು. ಇಪ್ಪತ್ತು ಹೆಜ್ಜೆಯಾಚೆ ಬಾವಿಯಿತ್ತು. ಆದರೆ ಮೂರ್ತೆಯ ಮುದ್ದಣ್ಣ ಸುಣ್ಣ ಮರೆತನೆಂದು ಇನ್ನೂರು ಜನ ನಗುತ್ತಾರೆ. ಕುಟುಕಿದ ನೆಂಟರು ನಾವು ಆಗಲೇ ಹೇಳಿರಲಿಲ್ಲವೇ ಎನ್ನುತ್ತಾರೆ. ಪುರಂದರ ಇನ್ನು ಈ ರಗಳೆಯೇ ಬೇಡ ಎಂದರೂ ಎಂದಾನು. ಇಷ್ಟೆಲ್ಲ ಒಂದು ಕ್ಷಣದಲ್ಲಿ ತಲೆಯೊಳಗೆ ಓಡಿತು, ಕೈ ಮಡಕೆಯನ್ನು ಬಾಗಿಸಿತು.

ಅದ್ರಾಮ ಒಂದು ಗುಟುಕು ಕುಡಿದು ನಿಲ್ಲಿಸಿದ. "ಇವತ್ತು ಎಂತ, ಸ್ವಲ್ಪ ಹುಳಿ ಉಂಟಲ್ಲ ಮಾರಾಯ?"

"ಬಿಸಿಲು ಜೋರಿತ್ತಲ್ಲ. ಸುಣ್ಣ ಇದ್ದರೂ ಒಂದೊಂದು ಸಲ ಹಾಗೆ ಆಗ್ತದೆ. ಕುಡಿ."

"ನೀನು ಹೇಳಿದರೆ ಆಯಿತು" ಎಂದ ಅದ್ರಾಮ. ಕಪ್ಪು ಖಾಲಿ ಮಾಡಿದ. ಬಾಯಾರಿದ್ದವನು ಇನ್ನೊಮ್ಮೆ ಕಪ್ಪು ಚಾಚಿದ, ಮುದ್ದಣ್ಣ ಇನ್ನೊಮ್ಮೆ ಹೊಯ್ದ.

ಪಳ್ಳಿಗೆ ನಡೆದರೆ ಹೊತ್ತು ಮೀರುತ್ತದೆಂದು ಅದ್ರಾಮ ಅಲ್ಲೇ ತೋಡಿನಲ್ಲಿ ಕೈಕಾಲು ಮುಖ ತೊಳೆದು, ಬದುವಿನ ಮೇಲೆ ಶಾಲು ಹಾಸಿ ನಮಾಜಿಗೆ ನಿಂತ. ಬಾಗಿ ಏಳುವಾಗ ಒಮ್ಮೆ ಮುಗ್ಗರಿಸಿದ. ಆಮೇಲೆ ಬಂದು ಮುದ್ದಣ್ಣನ ಹೆಗಲಿಗೆ ಕೈ ಹಾಕಿ, "ತಲೆ ಹಗುರ ಆಗಿದೆ. ಗೆದ್ದದ್ದು ತಲೆಗೆ ಏರಿತು ಕಾಣ್ತದೆ" ಎಂದು ನಕ್ಕ. ಅಷ್ಟರಲ್ಲಿ ಕಪ್ಪು ಒಂದು ಸುತ್ತು ಬಂದಿತ್ತು. ತನ್ನ ಸರದಿ ಬಂದಾಗ ಮುದ್ದಣ್ಣ ಹೊಟ್ಟೆ ಸರಿಯಿಲ್ಲ ಎಂದು ಅದನ್ನು ದಾಟಿಸಿದ.

ಅಂದಿನಿಂದ ಅವನಿಗೆ ಹಿಡಿಯಿತು. ಮರದ ತುದಿಯಲ್ಲಿ, ಬೇರೆ ಯಾರೂ ಬರಲಾರದ ಎತ್ತರದಲ್ಲಿ, ಕಿವಿಯ ಬಳಿಯೇ ಒಂದು ಸ್ವರ: ಸ್ವಲ್ಪ ಹುಳಿ ಉಂಟಲ್ಲ? ಸ್ವರಕ್ಕೆ ಸಿಟ್ಟಿಲ್ಲ, ಸಂಶಯವಿಲ್ಲ. ಸಿಟ್ಟಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಗಂಡ ಮರದ ಮೇಲೆ ಒಬ್ಬನೇ ಮಾತಾಡುತ್ತಾನೆ ಎಂದು ಅಮ್ಮಣ್ಣಿ ಹೆದರಿದಳು. ಗಾಳಿ ಸೋಕಿರಬೇಕು ಎಂದರು, ಗುಳಿಗ ದೈವಕ್ಕೆ ಕೋಳಿ ಕೊಟ್ಟರು. ಗುಳಿಗನಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಕೋಳಿ ದಂಡ.

ಆಟ ಬಿಟ್ಟ, ಅದ್ರಾಮನನ್ನೂ ಬಿಟ್ಟ. ಹಗ್ಗವನ್ನು ಕಾಸರಗೋಡಿನಿಂದ ತಂದ. ಪೇಟೆಯಲ್ಲಿ ಅದ್ರಾಮ ಎದುರಾದರೆ ಓಣಿ ಹಿಡಿದ. ಹೇಳಿಬಿಡಬೇಕೆಂದು ನೂರು ಸಲ ಹೊರಟಿದ್ದಾನೆ, ನೂರು ಸಲ ಗುಡ್ಡದ ತಿರುವಿನಿಂದ ಹಿಂದೆ ಬಂದಿದ್ದಾನೆ. ಪುಕ್ಕಲ ಎಂದು ನೀವು ಅಂದರೆ ನಾನು ಅಲ್ಲವೆನ್ನುವುದಿಲ್ಲ. ಆದರೆ ಅವನ ಒದ್ದಾಟ ನೋಡಿದ್ದರೆ ನಿಮಗೂ ಪಾಪ ಅನಿಸುತ್ತಿತ್ತು.

ಸ್ವಾತಂತ್ರ್ಯ ಬಂತು, ಅದರ ಬೆನ್ನಿಗೇ ಪಾನನಿಷೇಧವೂ ಬಂತು. ಮೂರ್ತೆಯವರು ಬೆಲ್ಲಕ್ಕೆಂದು ಸಿಹಿನೀರು ಮಾತ್ರ ಇಳಿಸಬಹುದೆಂದಾಯಿತು. ಈಗ ಎಲ್ಲ ಮಡಕೆಗೂ ಸುಣ್ಣ. ಮುದ್ದಣ್ಣ ಒಂದೊಂದಕ್ಕೂ ಮೂರು ಸಲ ಬಳಿದ, ಬಳಿದ ಮೇಲೆ ಕೈ ಹಾಕಿ ಸವರಿ ನೋಡಿದ. ತಪಾಸಣೆಗೆ ಬಂದ ಅಧಿಕಾರಿಗಳು ಮೂಗಿಟ್ಟು ನೋಡಿ ಇವನ ಮಡಕೆಯಲ್ಲಿ ವಾಸನೆಯೇ ಇಲ್ಲ ಎಂದು ಮೆಚ್ಚಿ ಹೋದರು. ಅವನಿಗೊಬ್ಬನಿಗೆ ಪ್ರತಿ ಮಡಕೆಯಲ್ಲೂ ಅದೇ ಹಳೆಯ ವಾಸನೆ ಬರುತ್ತಿತ್ತು.

ಐವತ್ತಮೂರರ ಮಳೆಗಾಲದ ಮೊದಲಿಗೆ ಅದ್ರಾಮ ಹಜ್ಜಿಗೆ ಹೊರಟ. ಹಜ್ಜಿಗೆ ಹೋಗುವವರು ಹೊರಡುವ ಮೊದಲು ಜಾತಿಮತ ನೋಡದೆ ಪರಿಚಯದವರ ಮನೆಮನೆಗೆ ಹೋಗಿ, ಮಾಡಿದ ತಪ್ಪೆಲ್ಲ ಮನ್ನಿಸಿ ಎಂದು ಪೊರುತ್ತ ಕೇಳಬೇಕು. ಹಾಗೆ ಅವನು ಜೊತೆಯ ಯಾತ್ರಿಕ ಖಾಲಿದನನ್ನು ಕರೆದುಕೊಂಡು ಮುದ್ದಣ್ಣನ ಅಂಗಳಕ್ಕೂ ಬಂದ. ಗಡ್ಡ ಅರ್ಧ ನರೆತಿತ್ತು. ಮುದ್ದಣ್ಣ ಅಟ್ಟಕ್ಕೆ ಹತ್ತಿ ಅಡಗುವ ಮೊದಲೇ ಅಮ್ಮಣ್ಣಿ ಚಾಪೆ ಹಾಕಿದ್ದಳು.

"ಒಂದು ಕೇಳಲಿಕ್ಕುಂಟು ಮುದ್ದಣ್ಣ" ಎಂದ ಅದ್ರಾಮ. "ಆ ಫೈನಲ್ ಆದ ಮೇಲೆ ನೀನು ಆಟಕ್ಕೆ ಬರಲಿಲ್ಲ. ನನ್ನನ್ನು ಕಂಡರೆ ದಾರಿ ತಪ್ಪಿಸಿದಿ. ಹದಿನೆಂಟು ವರ್ಷ ಆಲೋಚನೆ ಮಾಡಿದ್ದೇನೆ. ಗೆದ್ದ ಗೌಜಿಯಲ್ಲಿ ನಾನು ನಿನಗೆ ಎಂತದೋ ಹೇಳಿರಬೇಕು. ಎಂತದಂತ ನೆನಪಿಲ್ಲ. ಆ ದಿವಸದ್ದು ನನಗೆ ಸರಿ ನೆನಪೇ ಇಲ್ಲ."

ಅದ್ರಾಮ ಚಾಪೆಯಲ್ಲೇ ಅವನ ಹತ್ತಿರ ಸರಿದ.

"ಹರಾಮು ನನ್ನ ಗಂಟಲು ಇಳಿಯದ ಹಾಗೆ ಕಾದವನು ನೀನು. ನಿನಗೇ ಬೇಸರ ಮಾಡಿ ಅಲ್ಲಿಗೆ ಹೋಗುವುದು ಹೇಗೆ? ನನಗೆ ಪೊರುತ್ತ ಕೊಡು."

ಹೇಳಬೇಕಾದ ಹೊತ್ತು ಅದೇ. ಮನೆ ಬಾಗಿಲಿಗೆ ತಾನಾಗಿ ಬಂದಿತ್ತು. ಆದರೆ ಪವಿತ್ರ ಯಾತ್ರೆಗೆ ಹೊರಟವನ ತಲೆಯ ಮೇಲೆ ಇದನ್ನು ಹೊರಿಸುವುದೇ, ಬಂದ ಮೇಲೆ ಹೇಳಿದರಾಯಿತು ಎಂದುಕೊಂಡ. ಇದು ಕರುಣೆಯೋ ಹೆದರಿಕೆಯೋ ಅವನಿಗೇ ಗೊತ್ತಾಗಲಿಲ್ಲ. "ನೀನು ಎಂತದ್ದೂ ಮಾಡಲಿಲ್ಲ ಅದ್ರಾಮ" ಎಂದ.

"ಆದರೂ ಬಾಯಿ ಬಿಟ್ಟು ಹೇಳು."

"ಕೊಟ್ಟಿದ್ದೇನೆ" ಎಂದ ಮುದ್ದಣ್ಣ. ಅದ್ರಾಮ ಅವನನ್ನು ತಬ್ಬಿಕೊಂಡು, ಕಣ್ಣೊರೆಸಿಕೊಂಡು, ಹಗುರಾಗಿ ಗುಡ್ಡ ಇಳಿದು ಹೋದ.

ಖಾಲಿದ್ ಒಬ್ಬನೇ ಹಿಂದೆ ಬಂದ. ಹಜ್ಜಿನ ಕರ್ಮಗಳೆಲ್ಲ ಮುಗಿದ ಮೇಲೆ ಅದ್ರಾಮ ಎರಡು ದಿನದ ಜ್ವರಕ್ಕೆ ಮಕ್ಕದಲ್ಲೇ ತೀರಿಕೊಂಡಿದ್ದ. ಆ ಮಣ್ಣಿನಲ್ಲಿ ಜಾಗ ಸಿಗಬೇಕಾದರೆ ಪುಣ್ಯ ಬೇಕು ಎಂದು ಕುಂಬಳೆಯೆಲ್ಲ ಹೇಳಿತು. ಮುದ್ದಣ್ಣ ಮೂರು ದಿನ ಮರ ಹತ್ತಲಿಲ್ಲ. ನಾಲ್ಕನೆಯ ದಿನ ಗುಡ್ಡದ ತಿರುವಿನಲ್ಲಿ ನಿಲ್ಲದೆ ನೇರವಾಗಿ ನಬೀಸುಮ್ಮನ ಜಗಲಿಗೆ ಹೋದ. ಕೂರದೆ, ನಿಂತೇ ಎಲ್ಲ ಹೇಳಿದ: ಸುಣ್ಣ ಮರೆತದ್ದು, ಗೊತ್ತಾದ ಮೇಲೂ ಹೊಯ್ದದ್ದು, ಅವನು ಕೇಳಿದಾಗ ಸುಳ್ಳು ಹೇಳಿದ್ದು, ಅಂಗಳಕ್ಕೆ ಬಂದಾಗಲೂ ಬಾಯಿ ಮುಚ್ಚಿದ್ದು.

ಮುದುಕಿ ಜಪಮಣಿ ಹಿಡಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು. ಬೈಯಲಿಲ್ಲ.

"ಅವನಿಗೆ ಗೊತ್ತಿರಲಿಲ್ಲ" ಎಂದಳು ಕೊನೆಗೆ. "ಗೊತ್ತಿಲ್ಲದೆ ಕುಡಿದದ್ದಕ್ಕೆ ಅಲ್ಲಾಹು ಅವನನ್ನು ಹಿಡಿಯುವುದಿಲ್ಲ. ಆ ಹೆದರಿಕೆ ನನಗಿಲ್ಲ."

"ಹಾಗಾದರೆ ನನಗೆ ಪೊರುತ್ತ ಕೊಡಿ ಉಮ್ಮ."

"ನಾನು ಹೇಗೆ ಕೊಡುವುದು ಮಗಾ? ಕುಡಿದವಳು ನಾನಲ್ಲವಲ್ಲ. ಮನುಷ್ಯನಿಗೆ ಮಾಡಿದ್ದನ್ನು ಆ ಮನುಷ್ಯನೇ ಬಿಟ್ಟುಕೊಡಬೇಕು. ತಾಯಿಗೂ ಅದಾಗುವುದಿಲ್ಲ." ಅವನ ಮುಖ ನೋಡಲಾರದೆ ಅವಳು ಸ್ವರ ತಗ್ಗಿಸಿದಳು. "ಸತ್ತ ಮೇಲೆ ಅಲ್ಲಿ ಸಿಗ್ತಾನಲ್ಲ. ಆಗ ಕೇಳು. ಅವನು ಕೊಡ್ತಾನೆ, ನನ್ನ ಮಗ ಇಲ್ಲ ಎನ್ನುವವನಲ್ಲ."



"ನಿಮ್ಮವರು ಹೋಗುವ ಜಾಗ ಬೇರೆ, ನಮ್ಮವರು ಹೋಗುವ ಜಾಗ ಬೇರೆ ಅಲ್ಲವಾ ಉಮ್ಮ?" ಎಂದು ಮುದ್ದಣ್ಣ ಕೇಳಿದ. "ಅವ ನನಗೆ ಸಿಗುವುದು ಎಲ್ಲಿ?"

ನಬೀಸುಮ್ಮ ಜಪಮಣಿಯನ್ನು ಬದಿಗಿಟ್ಟಳು. ಆಮೇಲೆ, ಅದು ತನಗೆ ಗೊತ್ತಿಲ್ಲ ಎಂದಳು.