ಟ್ರೇಲರ್ ಮೇಲೆ ನನ್ನ ಹೆಂಡತಿಯ ಹೆಸರು

ಹೋದ ವಾರ ಯರಗಟ್ಟಿ ರಸ್ತೆಯಲ್ಲಿ ನನ್ನ ಬೈಕಿನ ಮುಂದೆ ನನ್ನ ಹೆಂಡತಿಯ ಹೆಸರು ಓಡುತ್ತಿತ್ತು.

ನಿಜವಾಗಿ! ಮುಂದಿದ್ದ ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ, ಎಲ್ಲರೂ ‘ತಂದೆ-ತಾಯಿ ಆಶೀರ್ವಾದ’ ಎಂದು ಬರೆಸುವ ಜಾಗದಲ್ಲಿ, ಹಳದಿ ಬಣ್ಣದ ದೊಡ್ಡ ಅಕ್ಷರಗಳು: ‘ವಕೀಲ ಅಕ್ಕನವರ ಆಶೀರ್ವಾದ’. ಕೆಳಗೆ ಅವಳ ಪೂರ್ತಿ ಹೆಸರು, ಮೊಬೈಲ್ ನಂಬರ್. ‘ಹೊಲದ ಕೇಸಿಗೆ ಸಂಪರ್ಕಿಸಿರಿ’ ಎಂಬ ಶಿಫಾರಸು ಬೇರೆ.

ಟ್ರ್ಯಾಕ್ಟರ್ ಬಸಪ್ಪಣ್ಣನದು. ಅವನ ಹೊಲದ ದಾರಿಗೆ ಪಕ್ಕದವರು ಮುಳ್ಳುಬೇಲಿ ಬಡಿದಿದ್ದರು. ಸವದತ್ತಿ ಕೋರ್ಟಿನಲ್ಲಿ ಹೋರಾಡಿ ಆ ದಾರಿ ಬಿಡಿಸಿದವಳು ನನ್ನ ಹೆಂಡತಿ. ಈಗ ಅದೇ ದಾರಿಯಲ್ಲಿ ಈ ಟ್ರೇಲರ್ ಓಡಾಡುತ್ತದೆ.

ಎದೆ ಉಬ್ಬಿತು. ಹದಿನೈದು ವರ್ಷ ಕರಿಕೋಟಿನಲ್ಲಿ ಬೆವರಿದವಳ ಹೆಸರು ಒಮ್ಮೆಯಾದರೂ ದೊಡ್ಡದಾಗಿ ಕಂಡಿತಲ್ಲ! (ನಮ್ಮ ಬಾಗಿಲಿನ ಬೋರ್ಡು ಜೋಳದ ರೊಟ್ಟಿಯಷ್ಟಿದೆ. ದೊಡ್ಡದು ಮಾಡಿಸೋಣ ಎಂದಾಗೆಲ್ಲ ಬೈಸಿಕೊಂಡಿದ್ದೇನೆ.) ಫೋಟೊ ಹೊಡೆದೆ. ‘ನಮ್ಮಾಕಿ!’ ಎಂದು ಬರೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ.

ಮನೆ ಮುಟ್ಟುವುದರೊಳಗೆ ಅವಳ ಫೋನು.

“ಮೊದಲ ಆ ಸ್ಟೇಟಸ್ ತಗೀರಿ. ನನ್ನ ಸನದು ಕಳೀಬೇಕಂತ ಮಾಡೀರೇನು?”

ವಕೀಲರು ತಮ್ಮ ಜಾಹೀರಾತು ಮಾಡಿಕೊಳ್ಳುವಂತಿಲ್ಲ. ಇನ್ನೊಬ್ಬರಿಂದ ಮಾಡಿಸುವಂತೆಯೂ ಇಲ್ಲ. ಗೊತ್ತಿದ್ದದ್ದೇ, ಖುಷಿಯಲ್ಲಿ ಮರೆತಿದ್ದೆ. ಎದುರು ಪಾರ್ಟಿಯವರು ಆ ಟ್ರೇಲರಿನ ಫೋಟೊ ಹಿಡಿದು ದೂರು ಕೊಟ್ಟರೆ ವಿಚಾರಣೆ ಶುರು. ವಕೀಲಿ ಮಾಡಲು ಕೊಟ್ಟ ಸನದಿಗೇ ಕುತ್ತು.

ಮರುದಿನ ಬೆಳಿಗ್ಗೆ ಬಸಪ್ಪಣ್ಣನ ಮನೆಗೆ ಹೋದೆವು. ಅಳಿಸಬೇಕು ಎಂದ ಕೂಡಲೇ ಅವನ ಮುಖ ಸಣ್ಣದಾಯಿತು.

“ದೇವರ ಹೆಸರು ಬರಸ್ತೇವಿ, ಅವ್ವ-ಅಪ್ಪನ ಹೆಸರು ಬರಸ್ತೇವಿ. ನಿಮ್ಮದು ಬರಸಿದ್ರ ಏನ್ ತಪ್ಪ್ರಿ ಅಕ್ಕಾರ? ನೀವೆಲ್ಲಿ ಬರಸೀರಿ, ನಾ ಬರಸೇನಿ. ಕೇಸ್ ನನ್ನ ಮ್ಯಾಲ ಆಗ್ಲಿ!”

(ವಾದ ಚೆನ್ನಾಗಿತ್ತು. ನಾನು ಜಡ್ಜ್ ಆಗಿದ್ದರೆ ಅಲ್ಲೇ ಒಪ್ಪಿಬಿಡುತ್ತಿದ್ದೆ.)

“ಗೊತ್ತಾದ ಮ್ಯಾಲೂ ನಾ ಸುಮ್ನ ಕುಂತ್ರ ನಾನ ಬರಸಿದಂಗ ಆಗ್ತೈತ್ರಿ ಅಣ್ಣಾರ. ಕಾನೂನು ಎಲ್ಲಾರಿಗೂ ಒಂದ ಅಂತ ಹೇಳಿ ನಿಮ್ಮ ದಾರಿ ಬಿಡಿಸೇನಿ. ನನಗಷ್ಟ ಬ್ಯಾರೆ ಏನ್ರಿ?”

ಅವಳು ಬ್ಯಾಗಿನಿಂದ ಬಣ್ಣದ ಡಬ್ಬಿ, ಬ್ರಶ್ ತೆಗೆದಳು. ಸೆರಗು ಸಿಕ್ಕಿಸಿ ಟ್ರೇಲರಿನ ಹತ್ತಿರ ಹೋದಳು. ಬಸಪ್ಪಣ್ಣ ಓಡಿ ಬಂದು ಬ್ರಶ್ ಕಸಿದುಕೊಂಡ.

“ಬಿಡ್ರಿ ಅಕ್ಕಾರ, ಸೀರಿಗೆ ಬಣ್ಣ ಹತ್ತತೈತಿ.”

ತಾನೇ ಬಳಿದ. ಮೊದಲು ನಂಬರು, ಹೆಸರು ಕಟ್ಟಕಡೆಗೆ.

ಈಗ ಎಲ್ಲದಕ್ಕೂ ಫ್ಲೆಕ್ಸು, ಎಲ್ಲರದೂ ರೀಲ್ಸು. ಕರಿಕೋಟು ತೊಟ್ಟು ಮೊಬೈಲ್ ಮುಂದೆ ‘ಗ್ಯಾರಂಟಿ ಗೆಲುವು’ ಎನ್ನುವವರನ್ನು ನೀವೂ ನೋಡಿರುತ್ತೀರಿ. ಕೋರ್ಟಿಗೆ ಬರುವವನು ಅರ್ಧ ಜೀವವಾಗಿ ಬಂದಿರುತ್ತಾನೆ. ಅವನಿಗೂ ಸೀರೆ ಅಂಗಡಿಯವರಂತೆ ಆಫರ್ ತೋರಿಸಿ ಕರೆಯಬೇಕೆ?

ಮೊನ್ನೆ ಸಂತೆಯಲ್ಲಿ ಬಸಪ್ಪಣ್ಣ ಸಿಕ್ಕ. ಟ್ರೇಲರ್ ಮೇಲಿನ ಬಣ್ಣದ ತೇಪೆ ನೋಡಿ ಎಲ್ಲರೂ ಅಲ್ಲೇನಿತ್ತು ಎಂದು ಕೇಳುತ್ತಾರಂತೆ. ಅವನು ಚಹಾ ತರಿಸಿ, ಪೂರ್ತಿ ಕಥೆ ಹೇಳುತ್ತಾನಂತೆ. ಅವನ ಬಾಯಿಗೆ ಬಣ್ಣ ಬಳಿಯುವುದು ಅವಳಿಂದಲೂ ಆಗಿಲ್ಲ.

ಈ ಬರಹದಲ್ಲೂ ಅವಳ ಹೆಸರಿತ್ತು. ಓದಿದವಳೇ ಪೆನ್ನು ತೆಗೆದು ಹೊಡೆದು ಹಾಕಿದಳು.

ಹೆಸರು ಹೋಗಲಿ ಬಿಡಿ. ಆಕೆ ನನ್ನ ಹೆಂಡತಿ ಎಂದು ಹೇಳಿಕೊಳ್ಳಲು ನನಗೆ ಯಾವ ಸನದು ಬೇಕು?